ಏರಿನಲ್ಲಿ ಇಳಿದವಳು

“ಇಳಿ ಅಂದ್ರ ಇಳೀಬೇಕ. ಗಾಡಿ ಮ್ಯಾಲೆ ಕುಂತು ವಾದಾ ಹಾಕಬ್ಯಾಡ.”

“ಎಷ್ಟ ಸಲ ಇಳೀಲಿರೀ? ದೇಸೂರ ದಾಟಿದ ಮ್ಯಾಲೆ ಒಮ್ಮೆ ಇಳಿದೆ. ಅದರಾಚಿ ದಿನ್ನಿಗೆ ಮತ್ತ ಇಳಿದೆ. ಈಗ ಇನ್ನೊಮ್ಮೆ ಇಳಿ ಅಂತೀರಿ. ನಾ ಗಾಡಿ ಮ್ಯಾಲೆ ಹೊಂಟೇನೋ, ಗಾಡಿ ಹಿಂದ ಹೊಂಟೇನೋ, ಅಷ್ಟ ಹೇಳಿಬಿಡ್ರಿ.”

“ಇಂಜಿನ್ ಕಾದೈತಿ. ಅದಕ್ಕೂ ಜೀವ ಐತಿ.”

“ನನಗ ಇಲ್ಲೇನು?”

“ಬಾಯಿ ಮುಚ್ಚು. ನಿನ್ನ ಬಾಯಾಗ ಇರೂ ಜೋರು ಇದರಾಗ ಇದ್ದಿದ್ರ ಇಷ್ಟೊತ್ತಿಗೆ ಗೋವಾ ಮುಟ್ಟತಿದ್ದಿವಿ.”

ಶಿವಬಸವ್ವ ಇಳಿದಳು. ಇಳಿಯದೆ ಮಾಡುವುದೇನು, ಗಾಡಿ ನಿಂತೇ ಹೋಗಿತ್ತು. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯಲ್ಲಿ, ಗಣೇಬೈಲಿನ ಈಚೆ, ಏರಿನ ಬುಡದಲ್ಲಿ ಆಕೆ ಒಂದು ಕಂಕುಳಲ್ಲಿ ಗಂಟು, ಒಂದು ಕೈಯಲ್ಲಿ ಚಪ್ಪಲಿ ಹಿಡಿದು ನಿಂತಳು. ಎರಡನೇ ದಿನ್ನೆಯಲ್ಲೇ ಚಪ್ಪಲಿಯ ಉಂಗುಷ್ಟ ಕಿತ್ತಿತ್ತು. ಗಂಟಿನಲ್ಲಿ ಹಸಿರು ಸೀರೆ, ತಾನೇ ಹೊಲಿದ ಹಸಿರು ಕುಬಸ, ಹಸಿರು ಬಳೆ, ಉಡಿ ತುಂಬಲು ತೆಂಗಿನಕಾಯಿ ಇದ್ದವು. ತಂಗಿ ಬಸವಣ್ಣೆವ್ವನಿಗೆ ಚೊಚ್ಚಲ ಬಸುರು, ಅಂದು ಖಾನಾಪುರದ ತವರಿನಲ್ಲಿ ಕುಬಸದ ಕಾರ್ಯ. ಮೊದಲ ಉಡಿ ಅಕ್ಕನೇ ತುಂಬಬೇಕು, ಅದೂ ಹೊತ್ತು ಏರುವುದರೊಳಗೆ ತುಂಬಬೇಕು.

ಪೆಟ್ರೋಲ್ ಟಾಕಿಯ ಮೇಲೆ ಹಗ್ಗ ಬಿಗಿದು ಕೂಡಿಸಿದ್ದ ಬೆಳಗಾವಿಯ ಸಿಹಿ, ಕುಂದಾದ ಡಬ್ಬಿ ಮಾತ್ರ ಇಳಿಯಬೇಕಾಗಿರಲಿಲ್ಲ. ಕುಂದಾ ಗಾಡಿಯ ಮೇಲೆ ಹೋಯಿತು, ಹೆಂಡತಿ ನಡೆದು ಹೋದಳು.

ಇಷ್ಟಕ್ಕೆಲ್ಲ ಕಾರಣ ಒಂದು ಕಪ್ ಚಹಾ.

ಆಕೆಯ ಗಂಡ ದುಂಡಪ್ಪನದು ಬೆಳಗಾವಿಯ ಸದಾಶಿವನಗರದ ಮೂಲೆಯಲ್ಲಿ ಹಿಟ್ಟಿನ ಗಿರಣಿ. ಹುಬ್ಬಿಗೆ ಹತ್ತಿದ ಜೋಳದ ಹಿಟ್ಟು ಮದುವೆಯ ದಿನವೂ ಹೋಗಿರಲಿಲ್ಲ ಎಂದು ಬೀಗರು ಹೇಳುತ್ತಿದ್ದರು. ಅವನಲ್ಲಿ ಒಂದು ಹಳೆಯ ಮೋಟರ್ ಸೈಕಲ್ ಇತ್ತು. ಅದು ಎತ್ತಿನ ಸ್ವಭಾವದ್ದು. ಓಡು ಅಂದರೆ ಓಡುತ್ತಿರಲಿಲ್ಲ, ಎಳೆ ಅಂದರೆ ಎಳೆಯುತ್ತಿತ್ತು. ಹಿಂದೆ ಶಿವಬಸವ್ವ, ಮುಂದೆ ಹಿಟ್ಟಿನ ಚೀಲ, ಬಾಜುಕ್ಕೆ ನೇತಾಡುವ ಎಣ್ಣೆಯ ಡಬ್ಬಿ ಎಲ್ಲ ಹೊತ್ತು ಜಾಂಬೋಟಿಯ ಏರನ್ನೂ ಮಳೆಗಾಲದಲ್ಲಿ ಹತ್ತಿದ ಗಾಡಿ ಅದು.

ಹಾಗಿರುವಾಗ ಎಂಬತ್ತೈದನೇ ಇಸವಿಯ ದೀಪಾವಳಿಗೆ ಅವನ ಸಡ್ಡಕ, ಅಂದರೆ ಬಸವಣ್ಣೆವ್ವನ ಗಂಡ ಬಸಲಿಂಗಪ್ಪ, ಹೊಸ ನಮೂನೆಯ ಜಪಾನಿ ಗಾಡಿ ತಗೊಂಡು ಖಾನಾಪುರದ ಮಾವನ ಮನೆಗೆ ಹೊರಟ. ಅದೇ ರಸ್ತೆಯಲ್ಲಿ ದುಂಡಪ್ಪನೂ ಹೊರಟಿದ್ದ. ಬ್ಯಾಂಕಿನ ನೌಕರ, ಚಷ್ಮಾ ಹಾಕಿದವ, ಬಲು ಸಭ್ಯ ಮನುಷ್ಯ. ಸಭ್ಯರ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಅನುಭವಿಸಿದವರಿಗೇ ಗೊತ್ತು. ಅವನು ದುಂಡಪ್ಪನನ್ನು ಹಿಂದೆ ಹಾಕಿ ಸುಮ್ಮನೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಗಾಡಿ ಸಾವಕಾಶ ಮಾಡಿ, ಬಾಜುಕ್ಕೆ ಬಂದು, ನಗುತ್ತ ಹೇಳಿದ:

“ಅಣ್ಣಾರ, ನೀವು ಆರಾಮ ಬರ್ರಿ. ನಾ ಮುಂದ ಹೋಗಿ ಚಾ ಇಡಾಕ ಹೇಳಿರ್ತೀನಿ.”

ಹೇಳಿ ಹೋದ. ಚಹಾ ಇಡಿಸಿದ. ಕುಡಿದ. ದುಂಡಪ್ಪ ಹೋಗಿ ಮುಟ್ಟುವ ಹೊತ್ತಿಗೆ ಅವನ ಪಾಲಿನ ಕಪ್ಪಿನ ಮೇಲೆ ದಪ್ಪ ಕೆನೆ ಕಟ್ಟಿತ್ತು. ಅದಕ್ಕಿಂತ ದೊಡ್ಡ ಅನಾಹುತವೆಂದರೆ, ಪಡಸಾಲೆಯಲ್ಲಿ ಹಿರಿಯ ಅಳಿಯನಿಗೆಂದು ಹಾಕುವ ಮೊದಲ ಮಣೆಯ ಮೇಲೆ ಬಸಲಿಂಗಪ್ಪ ಕುಂತು ಹೋಳಿಗೆ ಮುರಿಯುತ್ತಿದ್ದ. ಮಾವ ಗುರುಪುತ್ರಪ್ಪ ಹಂಚಿನ ವ್ಯಾಪಾರಿ, ಹೊಟ್ಟೆಯ ಹಸಿವು ತಾಳದ ಮನುಷ್ಯ. “ಯಾರ ಮೊದಲ ಬರ್ತಾರ ಅವ್ರನ್ನ ಕೂಡಿಸಿಬಿಡ್ರಿ” ಎಂದಿದ್ದನಂತೆ.

ದುಂಡಪ್ಪ ಎರಡನೇ ಮಣೆಯ ಮೇಲೆ ಕುಂತು ಉಂಡ. ಹೋಳಿಗೆ ಸಿಹಿ ಹತ್ತಲಿಲ್ಲ. ಮನೆಗೆ ಬಂದವನೇ ಗಾಡಿಗೆ ಒಂದು ಒದೆ ಕೊಟ್ಟ. ಕಾಲಿಗೆ ಪೆಟ್ಟಾಯಿತು, ಗಾಡಿಗೆ ಏನೂ ಆಗಲಿಲ್ಲ.

ಬೇಸಿಗೆಯಲ್ಲಿ ಖಾನಾಪುರದಿಂದ ಬಸವಣ್ಣೆವ್ವನ ಕುಬಸದ ಕರೆ ಬಂತು. ಕರೆ ಬಂದ ದಿನವೇ ಅವನು ಗಾಡಿಯನ್ನು ಮೆಕ್ಯಾನಿಕ್ ಬಾಳಕೃಷ್ಣನ ಮುಂದೆ ನಿಲ್ಲಿಸಿದ. ಬಾಳಕೃಷ್ಣ ಗಾಡಿ ರಿಪೇರಿ ಮಾಡುವವನಲ್ಲ, ಗಾಡಿ ಬದಲಿಸುವವ. ಗಿರಾಕಿ ಏನೂ ಕೇಳದಿದ್ದರೂ ಸೈಲೆನ್ಸರಿನ ಹೊಟ್ಟೆ ಕೊಯ್ದು ಕಳಿಸುತ್ತಿದ್ದ.

“ದುಂಡಪ್ಪಣ್ಣಾ, ಮಾಡೂದಾದ್ರ ಪೂರಾ ಮಾಡೂಣು. ಬೋರ್ ಕೊರದು ದೊಡ್ಡ ಪಿಸ್ಟನ್ ಕೂಡಸೂಣು. ಹೊಗಿ ಹೋಗೂ ದಾರಿ, ಪೆಟ್ರೋಲ್ ಬರೂ ದಾರಿ ಎರಡೂ ತೀಡಿ ಅಗಲ ಮಾಡೂಣು. ಇಂಜಿನ್ ಕಡೆ ಚೈನಿನ ಗಾಲಿ ಐತೆಲಾ, ಅದನ್ನ ತಗದು ಹೆಚ್ಚು ಹಲ್ಲಿಂದು ಹಾಕೂಣು. ಗಾಡಿ ಬಾಣ ಆಗತೈತಿ.”

“ಬಾಣಾನ ಆಗಬೇಕ.”

“ಒಂದ ಮಾತು. ನೀವು ಹೆಚ್ಚಾಗಿ ಒಬ್ರs ಹೋಗ್ತೀರೋ, ಇಬ್ರೋ?”

ದುಂಡಪ್ಪನ ಕಣ್ಣ ಮುಂದೆ ಆಗ ಖಾನಾಪುರದ ರಸ್ತೆ ಇತ್ತು. ಗಾಳಿಯಲ್ಲಿ ಅವನ ಅಂಗಿ ಉಬ್ಬಿತ್ತು. ಬಸಲಿಂಗಪ್ಪ ಧೂಳಿನಲ್ಲಿ ಹಿಂದೆ ಬಿದ್ದಿದ್ದ. ಮಾವನ ಪಡಸಾಲೆಯಲ್ಲಿ ಮೊದಲ ಮಣೆ ಖಾಲಿ ಕಾಯುತ್ತಿತ್ತು. ಈ ಇಡೀ ಚಿತ್ರದಲ್ಲಿ ಗಾಡಿಯ ಹಿಂದಿನ ಸೀಟಿನ ಮೇಲೆ ಯಾರೂ ಇರಲಿಲ್ಲ. ಅದನ್ನು ಅವನು ಗಮನಿಸಲಿಲ್ಲ.

“ಒಬ್ನs,” ಎಂದ.

ಇಲ್ಲಿ ಒಂದು ಮಾತು ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಗಿರಣಿಯಲ್ಲಿ ಇಂಜಿನ್ನಿನ ಕಡೆ ದೊಡ್ಡ ಗಾಲಿ ಹಾಕಿ ಬೆಲ್ಟು ಏರಿಸಿದರೆ ಬೀಸುಕಲ್ಲು ಜೋರಾಗಿ ತಿರುಗುತ್ತದೆ, ಆದರೆ ಜೋಳ ಸುರಿದ ಕೂಡಲೇ ಇಂಜಿನ್ ಗೊರಗೊರ ಎಂದು ನಿಲ್ಲುತ್ತದೆ. ಗಾಡಿಯ ಚೈನಿನ ಗಾಲಿಗೂ ಅದೇ ಲೆಕ್ಕ. ಅದು ದುಂಡಪ್ಪನಿಗೆ ಗೊತ್ತಿದ್ದಷ್ಟು ಬೆಳಗಾವಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನ ತಮ್ಮ ಒಮ್ಮೆ ಹಾಗೆ ಮಾಡಿದ್ದಕ್ಕೆ, ಹಿಟ್ಟು ಬೀಸಲು ಬಂದ ಹೆಂಗಸರ ಮುಂದೆಯೇ ಅವನನ್ನು “ಕತ್ತೆ” ಎಂದು ಬೈದಿದ್ದ. ಗಿರಣಿಯ ಬುದ್ಧಿ ಗಿರಣಿಯಲ್ಲೇ ಕೀಲಿ ಹಾಕಿ ಬಿಟ್ಟು ಬರುವವರು ಊರಲ್ಲಿ ಬಹಳ ಮಂದಿ. ದುಂಡಪ್ಪ ಅವರ ಮುಖಂಡ.

ಗಾಡಿ ತಯಾರಾಯಿತು. ಸದ್ದು ಬದಲಾಯಿತು. ಮೊದಲು ಎಮ್ಮೆ ಮೆಲುಕು ಹಾಕಿದಂತೆ ಇದ್ದದ್ದು ಈಗ ತಗಡಿನ ಪತ್ರಾ ಹರಿದಂತೆ ಆಯಿತು. ಎದುರುಮನೆಯ ಕಲ್ಲಯ್ಯ, ವಯಸ್ಸಾದ ಮಠದ ಅಯ್ಯನವರು, ಬಾಗಿಲಿಗೆ ಬಂದು ನಿಂತರು.

“ದುಂಡಪ್ಪಾ, ಈ ಗಾಡಿಗೆ ಏನ ಬ್ಯಾನಿ ಆಗೇತಪಾ?”

“ಬ್ಯಾನಿ ಅಲ್ರಿ ಅಜ್ಜಾರ, ಶಕ್ತಿ.”

“ಶಕ್ತಿ ಬಂದಾವ್ರು ಇಷ್ಟು ಒದರೂದಿಲ್ಲಲಾ.”

ಅವರ ಮಾತು ಮುಗಿಯುವಷ್ಟು ಹೊತ್ತು ದುಂಡಪ್ಪನ ಗಾಡಿ ಅಲ್ಲಿ ಇರಲಿಲ್ಲ. ಹಿಂಡಲಗಾ ರಸ್ತೆಗೆ ಬಿದ್ದು, ಒಬ್ಬನೇ, ಬಗ್ಗಿ ಕುಂತು ಹೊಡೆದ. ದಾರಿ ಬದಿಯ ಜೈಲಿನ ಗೋಡೆ ಒಂದೇ ಉಸಿರಿನಲ್ಲಿ ಹಿಂದೆ ಹೋಯಿತು. ಜೈಲಿನ ಕಡೆಯಿಂದ ಇಷ್ಟು ಅವಸರದಲ್ಲಿ ಓಡುವವನು ಯಾರು ಎಂದು ಬಾಗಿಲ ಪಹರೆಯವನು ಶಿಳ್ಳೆ ಊದಿದ. ಮರಳಿ ಬರುವಾಗ ನಿಲ್ಲಿಸಿ ಹೆಸರು ಕೇಳಿದ. ದುಂಡಪ್ಪನಿಗೆ ಆದ ಸಂತೋಷಕ್ಕೆ ಎಣೆಯಿಲ್ಲ. ಸರ್ಕಾರವೇ ತನ್ನ ವೇಗ ಗಮನಿಸಿತು ಎಂದು ಗಿರಣಿಗೆ ಬಂದ ಎಲ್ಲರಿಗೂ ಹೇಳಿದ.

ಶಿವಬಸವ್ವ ಒಂದೇ ಮಾತು ಕೇಳಿದ್ದಳು. “ಕುಬಸಕ್ಕ ಬಸ್ಸಿಗೆ ಹೋಗೂಣೇನ್ರಿ?”

“ಹುಲಿ ಮನ್ಯಾಗ ಕಟ್ಟಿ ಬಸ್ಸಿಗೆ ಹೋಗೂದೇನ?”

ಹುಲಿ ಸಪಾಟು ರಸ್ತೆಯಲ್ಲಿ ಹುಲಿಯೇ ಆಗಿತ್ತು. ಮಚ್ಛೆಯವರೆಗೆ ಅವರು ಹೋದದ್ದಲ್ಲ, ಹಾರಿದ್ದು. ಶಿವಬಸವ್ವನ ತಲೆಯ ಸೆರಗು ಜಾರಿತು, ತುರುಬು ಬಿಚ್ಚಿತು, ಗಾಳಿಗೆ ಧೂಳಿಗೆ ಕಣ್ಣು ಕೆಂಪಾಗಿ ನೀರು ಸುರಿಯಿತು. ಆಮೇಲೆ ಏರು ಬಂತು. ಏರಿನಲ್ಲಿ ವೇಗ ತಗ್ಗಿತು, ವೇಗ ತಗ್ಗಿದ ಕೂಡಲೇ ಗಾಡಿಯ ದನಿ ಬಿತ್ತು, ದನಿ ಬಿದ್ದ ಕೂಡಲೇ ಕ್ಲಚ್ಚು ಸುಟ್ಟ ವಾಸನೆ ಬಂತು. ಒಬ್ಬನನ್ನು ಬಾಣದಂತೆ ಒಯ್ಯುವ ಗಾಡಿ ಇಬ್ಬರನ್ನು ಕಂಡು ಅಂಜಿ ನಿಂತಿತು. ಹೀಗೆ ಮೂರನೇ ಏರಿನ ಬುಡದಲ್ಲಿ ಆ ಜಗಳವಾಯಿತು.

ಜಗಳ ಆಡಿ ದುಂಡಪ್ಪ ಒಬ್ಬನೇ ಏರು ಹತ್ತಿದ. ಒಬ್ಬನೇ ಎಂದರೆ ಗಾಡಿ ಎಂಥ ಸೊಗಸಾಗಿ ಹತ್ತಿತು. ತುದಿಯಲ್ಲಿ ಒಂದು ಚಹಾದ ಅಂಗಡಿ. ಅಲ್ಲಿ ನಿಂತು ಹಿಂದೆ ತಿರುಗಿ ನೋಡಿದ. ಶಿವಬಸವ್ವ ನಡು ಏರಿನಲ್ಲಿ ಬಿಸಿಲಲ್ಲಿ ಸಣ್ಣಗೆ ಕಾಣುತ್ತಿದ್ದಳು.

ಆಗ ಬಂತು ಖಾನಾಪುರದ ಬಸ್ಸು. ಆಕೆ ಕೈ ಮಾಡಿದಳು. ನಡು ಏರಿನಲ್ಲಿ ಯಾವ ಡ್ರೈವರ್ ನಿಲ್ಲಿಸುತ್ತಾನೆ? ಮೇಲೆ ನಿಲ್ಲಿಸುತ್ತೇನೆ ಎಂದು ಕೈ ತೋರಿಸಿ, ತುದಿಗೆ ಬಂದು ದುಂಡಪ್ಪನ ಬಾಜುಕ್ಕೇ ನಿಲ್ಲಿಸಿದ. ಕಿಟಕಿಯಿಂದ ಒಂದು ತಲೆ ಹೊರಗೆ ಬಂತು. ಕಾಡವ್ವ. ಮಾವನ ಮನೆಯ ಗೋಡೆಗೆ ಗೋಡೆ ಹಚ್ಚಿದ ಮನೆಯವಳು. ಖಾನಾಪುರದಲ್ಲಿ ಆಕೆಗೆ ಒಂದು ಸುದ್ದಿ ಹೇಳಿದರೆ ಡಂಗುರದವನಿಗೆ ಆ ದಿನ ಕೆಲಸವಿಲ್ಲ, ಸೂಟಿ.

“ಅಳಿಯಾರ, ಶಿವಬಸವ್ವ ಯಾಕ್ರಿ ನಡಕೊಂತ ಬರಾಕ್ಹತ್ತಾಳು? ಕಣ್ಣಾಗ ನೀರು, ಕೂದಲಾ ಬಿಚ್ಚೇತಿ, ಕೈಯಾಗ ಚಪ್ಪಲಿ, ಕಂಕಳಾಗ ಗಂಟು…”

ಗಾಡಿ ಎಳೆಯುವುದಿಲ್ಲ ಎಂದು ಹೇಳಿದರೆ ಮುಗಿಯುತ್ತಿತ್ತು. ಆದರೆ ಕಾಡವ್ವನಿಗೆ ಹೇಳಿದ್ದು ಬಸಲಿಂಗಪ್ಪನಿಗೆ ಮುಟ್ಟುತ್ತಿತ್ತು. ದುಂಡಪ್ಪ ಗಂಟಲು ಸರಿ ಮಾಡಿಕೊಂಡ.

“ನಡೀಲಿ ಬಿಡ್ರಿ. ನಡದ್ರ ಏನ ಸಾಯಾಂಗಿಲ್ಲ.”

ಬಸ್ಸಿನ ಆ ಬದಿಯವರೆಲ್ಲ ಈ ಬದಿಗೆ ಬಂದು ನೋಡಿದರು.

“ಹತ್ತಿಸಿಕೊಳ್ಳೂಣೇನ್ರಿ? ಬರ್ತಾರ ನೋಡ್ರಿ, ಓಡಾಕ್ಹತ್ತಾರ,” ಎಂದ ಕಂಡಕ್ಟರ್.

“ಬ್ಯಾಡ. ನನ್ನ ಹೆಂಡ್ತಿ, ನಾ ನೋಡ್ಕೊಂತೀನಿ. ನೀ ಹೊಡಿ ಸೀಟಿ.”

ಸೀಟಿ ಬಿತ್ತು. ಓಡುತ್ತ ಏರು ಹತ್ತಿದ ಶಿವಬಸವ್ವನಿಗೆ ಬಸ್ಸಿನ ಬೆನ್ನು ಕಂಡಿತು. ಬಸ್ಸನ್ನು ಕೈ ಬೀಸಿ ಕಳಿಸಿದ್ದು ಯಾರು ಎಂಬುದೂ ಕಂಡಿತು. ಆಗಲೇ ಆಕೆ ಎರಡು ಮಾತು ಬೈದಿದ್ದರೆ ಚಲೋ ಇತ್ತು.

ಚಹಾದಂಗಡಿಯ ತ್ರ್ಯಂಬಕ ಮಾಸ್ತರರು ಮರಾಠಿ ಸಾಲೆಯಿಂದ ನಿವೃತ್ತರಾದವರು. ಅಂಗಡಿ ಇಟ್ಟದ್ದು ಚಹಾ ಮಾರಲಿಕ್ಕಲ್ಲ, ಬುದ್ಧಿ ಹೇಳಲು ಮಂದಿ ಸಿಗಲಿ ಎಂದು. ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

“ಬಸಾ ತಾಯಿ, ಕುಂದರು, ನೀರು ಕುಡಿ,” ಎಂದು ಶಿವಬಸವ್ವನಿಗೆ ತಂಬಿಗೆ ಕೊಟ್ಟು, ದುಂಡಪ್ಪನ ಕಡೆ ತಿರುಗಿದರು. “ಅಹೋ, ಹೆಂಡ್ತಿನ್ನ ತವರಿಗೆ ಬಿಡೂದಾದ್ರ ಅದಕ್ಕೂ ಒಂದು ರೀತಿ ಅದ. ಹಿಂಗ ದನಾ ಹೊಡಕೊಂಡು ಹೋದಾಂಗ ಒಯ್ಯೂದು ಬರೋಬ್ಬರಿ ಅಲ್ಲ.”

“ಯಾರ್ರಿ ಬಿಡಾಕ ಹೊಂಟಾವ್ರು? ಕುಬಸದ ಕಾರ್ಯಕ್ಕ ಹೊಂಟೇವಿ.”

“ಕಾರ್ಯಕ್ಕ ಹೋಗಾವ್ರು ಒಬ್ರು ಗಾಡಿ ಮ್ಯಾಲೆ, ಒಬ್ರು ಕಾಲ ಮ್ಯಾಲೆ ಹೋಗ್ತಾರ? ನಲವತ್ತು ಸಾಲಿ ಮಕ್ಕಳನ್ನ ಒಂದs ಕಣ್ಣಾಗ ನೋಡಿದಾಂವ ಇದೀನಿ. ನನಗ ಖರೇ ಹೇಳ್ರಿ. ಏನ ತಪ್ಪ ಮಾಡ್ಯಾಳ ಈಕಿ?”

“ಏನೂ ಮಾಡಿಲ್ರಿ.”

“ಏನೂ ಮಾಡದೇನs ಇಷ್ಟು ಶಿಕ್ಷಾ? ಮಾಡಿದ್ರ ಏನ ಮಾಡ್ತಿದ್ರಿ?”

ದುಂಡಪ್ಪ ಹೆಂಡತಿಯ ಮುಖ ನೋಡಿದ, ನೀನಾದರೂ ಹೇಳು ಎಂಬಂತೆ. ಶಿವಬಸವ್ವ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, “ನನ್ನ ತಂಗಿಗೆ ಉಡಿ ತುಂಬೂ ಹೊತ್ತು ಆಗಾಕ್ಹತ್ತೇತ್ರಿ ಮಾಸ್ತರ, ಹೋಗ್ತೀವಿ” ಎಂದಳು. ಮಾಸ್ತರರಿಗೆ ಕಣ್ಣು ತುಂಬಿ ಬಂತು. ಇಂಥ ಸಹನೆಯ ಹೆಂಗಸನ್ನು ಅವರು ಈ ರಸ್ತೆಯಲ್ಲಿ ಕಂಡಿರಲಿಲ್ಲ.

ಇಳಿಜಾರಿನಲ್ಲಿ ಮತ್ತೆ ಹಾರಾಟ. ಗಾಡಿ ಜೋರಿತ್ತು, ಆದರೆ ಸುದ್ದಿ ಅದಕ್ಕಿಂತ ಜೋರಿತ್ತು. ಅದು ಬಸ್ಸಿಗೆ ಹೋಗಿತ್ತು, ಅದನ್ನು ಯಾವ ಏರಿನಲ್ಲೂ ಯಾರೂ ಇಳಿಸಿರಲಿಲ್ಲ. ಕಾಡವ್ವ ನಿಲ್ದಾಣದಲ್ಲಿ ಇಳಿದಾಗ ಅದು “ದುಂಡಪ್ಪ ಹೆಂಡ್ತಿನ್ನ ನಡಿಸಿಕೊಂಡು ಬರಾಕ್ಹತ್ತಾನ” ಎಂದಿತ್ತು. ಓಣಿಯ ತುದಿಗೆ “ಗಂಟು ಕೊಟ್ಟು ಹೊರಗ ಹಾಕ್ಯಾನ” ಎಂದಾಯಿತು. ಮಾವನ ಕಟ್ಟೆ ಮುಟ್ಟಿದಾಗ “ಎರಡನೇ ಲಗ್ನದ ಮಾತಾಗೇತಂತ, ಹೆಣ್ಣು ಹಿಂಡಲಗಾದಾಕಿ” ಎಂಬಲ್ಲಿಗೆ ಬಂದು ನಿಂತಿತ್ತು. ಹಿಂಡಲಗಾ ರಸ್ತೆಯಲ್ಲಿ ದುಂಡಪ್ಪ ಗಾಡಿ ಓಡಿಸುತ್ತಿದ್ದುದು ಸಾಕ್ಷಿಗೆ ಸಿಕ್ಕಿತು.

ಮಾವನ ಮನೆ ಓಣಿಯ ಮೇಲ್ಭಾಗದಲ್ಲಿ, ಒಂದು ಸಣ್ಣ ಏರಿನ ಮೇಲೆ. ಖಾನಾಪುರದಲ್ಲಿ ಇರುವ ಎಲ್ಲ ಮನೆಗಳಲ್ಲಿ ಅದೇ ಏಕೆ ಏರಿನ ಮೇಲೆ ಇರಬೇಕಿತ್ತೋ. ಗಾಡಿ ಕೆಮ್ಮಿತು. ಶಿವಬಸವ್ವ ಹೇಳಿಸಿಕೊಳ್ಳದೆ ಇಳಿದಳು. ದುಂಡಪ್ಪ ಮುಂದೆ, ಬರಿಗಾಲಲ್ಲಿ ಶಿವಬಸವ್ವ ಹಿಂದೆ, ಎರಡೂ ಬದಿಯ ಕಟ್ಟೆಗಳ ಮೇಲೆ ಊರು. ಒಬ್ಬ ಮುದುಕ ದುಂಡಪ್ಪನ ಗಾಡಿ ಕಂಡು ಎದ್ದು ನಿಂತು ಮುಖ ತಿರುಗಿಸಿದ.

ಪಡಸಾಲೆಯಲ್ಲಿ ಮಣೆ ಹಾಕಿತ್ತು. ಮೊದಲ ಮಣೆ. ಸುತ್ತ ರಂಗೋಲಿ, ಖಾಲಿ. ಈ ಸಲ ಬಸಲಿಂಗಪ್ಪ ಅದರ ಮೇಲೆ ಕುಂತಿರಲಿಲ್ಲ, ಗೋಡೆಗೆ ಒರಗಿ ಚಷ್ಮಾ ಒರೆಸುತ್ತಿದ್ದ. ಓಣಿಯ ಹಿರಿಯರು ಚಾಪೆಯ ಮೇಲೆ ಸಾಲಾಗಿ ಕುಂತಿದ್ದರು. ಒಳಗೆ ಹೆಂಗಸರ ಹಾಡು ಶುರುವಾಗಿರಲಿಲ್ಲ. ಬಸುರಿ ಹಸೆಯ ಮೇಲೆ ಅಕ್ಕನಿಗಾಗಿ ಕಾಯುತ್ತಿದ್ದಳು.

ಗುರುಪುತ್ರಪ್ಪ ಕೈ ಮುಗಿದ.

“ಬರ್ರಿ ಅಳಿಯಾರ, ಕುಂದರ್ರಿ. ಹಿರೇ ಅಳಿಯಾರು ನೀವು, ಮಣಿ ನಿಮ್ಮದs. ಕುಂದರೂಕ್ಕಿಂತ ಮೊದಲ ಒಂದ ಮಾತು ಹೇಳಿಬಿಡ್ರಿ. ನನ್ನ ಮಗಳು ಏನ ತಪ್ಪ ಮಾಡ್ಯಾಳು?”

“ತಪ್ಪ? ಏನೂ ಇಲ್ಲ.”

“ಮತ್ತ ಆಕಿನ್ನ ಬೆಳಗಾವಿಯಿಂದ ಯಾಕ ನಡಿಸಿಕೊಂಡು ಬಂದ್ರಿ? ಬಸ್ಸು ನಿಂತಿದ್ರೂ ಹತ್ತಿಸಗೊಡಲಿಲ್ಲಂತ. ಕಾಡವ್ವ ಕಣ್ಣಾರೆ ನೋಡ್ಯಾಳ.”

“ಬೆಳಗಾವಿಯಿಂದ ಅಲ್ರಿ. ಅಲ್ಲೊಂದು ಇಲ್ಲೊಂದು ಏರಿಗೆ…”

ಆಗ ಬಸಲಿಂಗಪ್ಪ ಚಷ್ಮಾ ಹಾಕಿಕೊಂಡ. ಬಹಳ ಮೆಲ್ಲಗೆ, ಬಹಳ ಸಭ್ಯವಾಗಿ ಕೇಳಿದ:

“ಅಣ್ಣಾರ, ಗಾಡಿ ಏನರ ತ್ರಾಸ ಕೊಟ್ಟತೇನ್ರಿ? ಇಬ್ರನ್ನ ಎಳೀವಲ್ದೇನು?”

ಪಾಪ, ಅವನು ಬಾಗಿಲು ತೆರೆದು ಕೊಟ್ಟಿದ್ದ. ಹೌದು ಎಂದರೆ ಸಾಕಿತ್ತು. ಹಿರಿಯರು ನಕ್ಕು ಏಳುತ್ತಿದ್ದರು, ಮಾವ ಸಮಾಧಾನದ ಉಸಿರು ಬಿಡುತ್ತಿದ್ದ, ಒಳಗೆ ಹಾಡು ಶುರುವಾಗುತ್ತಿತ್ತು. ಶಿವಬಸವ್ವ ಹೊಸ್ತಿಲಲ್ಲಿ ನಿಂತಿದ್ದಳು. ಆಕೆಯೂ ಬಾಯಿ ತೆರೆದಿದ್ದಳು. ‘ನನಗs ಕುಂತು ಕುಂತು ಕಾಲು ಹಿಡದಿದ್ದು, ನಾನs ನಡದು ಬರ್ತೀನಂದೆ’ ಎಂಬ ಸುಳ್ಳು ಆಕೆಯ ನಾಲಿಗೆಯ ತುದಿಗೆ ಬಂದು ಕುಂತಿತ್ತು. ಗಂಡನ ಮರ್ಯಾದೆಗಾಗಿ ಇಂಥ ಎಷ್ಟೋ ಸುಳ್ಳು ಹೇಳಿದವಳು ಆಕೆ.

ಆದರೆ ಕೇಳಿದವನು ಬಸಲಿಂಗಪ್ಪ. ಬೇರೆ ಯಾರು ಕೇಳಿದ್ದರೂ ದುಂಡಪ್ಪ ಹೇಳುತ್ತಿದ್ದನೋ ಏನೋ.

“ಗಾಡಿಗೇನ ಧಾಡಿ?” ಎಂದು ದುಂಡಪ್ಪ ದನಿ ಏರಿಸಿದ. “ಬೆಂಕಿ ಆಗೇತಿ ಗಾಡಿ. ನಿನ್ನಂಥಾ ಇಬ್ರನ್ನ ಕೂಡಿಸಿ ಎಳೀತೈತಿ. ಗಾಡಿ ಮಾತು ತಗೀಬ್ಯಾಡ ನೀ. ನಾನs ನಡಸೇನಿ ಆಕಿನ್ನ. ನನ್ನ ಹೆಂಡ್ತಿ, ನನ್ನ ಮರ್ಜಿ.”

ಶಿವಬಸವ್ವ ತೆರೆದ ಬಾಯಿ ಮುಚ್ಚಿದಳು. ಗಂಡನನ್ನು ಸ್ವಲ್ಪ ಹೊತ್ತು ನೋಡಿದಳು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ. ಗಿರಣಿಯಲ್ಲಿ ಬೀಸಿ ಬಂದ ಹಿಟ್ಟನ್ನು ಬೆರಳಲ್ಲಿ ತೀಡಿ, ಇದು ನಮ್ಮ ಜೋಳವೇ ಹೌದೋ ಅಲ್ಲವೋ ಎಂದು ನೋಡುವ ಹೆಂಗಸಿನ ನೋಟ ಅದು.

“ಗಾಡಿಗೆ ಏನೂ ಆಗಿಲ್ಲ?” ಎಂದು ಕೇಳಿದಳು.

“ಏನೂ ಆಗಿಲ್ಲ.”

ಕಿತ್ತ ಚಪ್ಪಲಿಯನ್ನು ಹೊಸ್ತಿಲ ಹೊರಗೆ ಜೋಡಿಸಿ ಇಟ್ಟಳು. ಗಂಟು ಎತ್ತಿಕೊಂಡು ಪಡಸಾಲೆಯಿಂದ ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಹಾಡು ಶುರುವಾಯಿತು. ಉಡಿ ತುಂಬಿದ್ದು, ಬಳೆ ಇಟ್ಟದ್ದು ಎಲ್ಲ ಗೋಡೆಯಾಚೆ ಕೇಳಿಸಿತು. ದುಂಡಪ್ಪ ಮೊದಲ ಮಣೆಯ ಮೇಲೆ ಕುಂತ. ಅವನಿಗೇ ಮೊದಲು ಎಲೆ ಹಾಕಿದರು, ಮೊದಲು ಹೋಳಿಗೆ, ಮೊದಲು ತುಪ್ಪ. ಯಾವ ಮರ್ಯಾದೆಯಲ್ಲೂ ಎಳ್ಳಷ್ಟು ಕೊರತೆ ಆಗಲಿಲ್ಲ. ಎರಡನೇ ಮಣೆಯ ಮೇಲೆ ಮಾತ್ರ ಯಾರೂ ಬಂದು ಕೂಡಲಿಲ್ಲ. ಬಸಲಿಂಗಪ್ಪ ತನಗೆ ಹಸಿವಿಲ್ಲ ಎಂದ. ಮಾವ ಕೂಡ ಹಸಿವಿಲ್ಲ ಎಂದ, ಅದನ್ನು ಖಾನಾಪುರ ಮೊದಲ ಸಲ ಕೇಳಿತು.

ಬಿಸಿಲು ತಗ್ಗಿದ ಮೇಲೆ ದುಂಡಪ್ಪ ಎದ್ದು ಗಾಡಿ ತಿರುಗಿಸಿ ನಿಲ್ಲಿಸಿದ. ಹೊರಡೋಣ ಎಂದು ಒಳಗೆ ಹೇಳಿ ಕಳಿಸಿದ. ಬಂದದ್ದು ಕಾಡವ್ವ. ಎಲೆಯಡಿಕೆ ಬಾಯಲ್ಲಿಟ್ಟುಕೊಂಡೇ ಹೇಳಿದಳು:

“ಅಳಿಯಾರ, ನೀವು ಮುಂದ ನಡೀರಂತ. ಆಕಿ ಹಿಂದ ನಡಕೊಂತ ಬರ್ತಾಳಂತ.”

“ಬೆಳಗಾವಿತನಾ?”

“ಅಷ್ಟ ಹೇಳಂದಾಳ್ರಿ.”

ಅವನು ಒದ್ದ, ಗಾಡಿ ಚಾಲೂ ಆಯಿತು. ಬರುವಾಗ ಏರಾದದ್ದು ಈಗ ಇಳಿಜಾರು, ಬರುವಾಗ ಇಳಿಜಾರಾದದ್ದು ಈಗ ಏರು. ಯಾವುದೂ ಗಾಡಿಗೆ ಲೆಕ್ಕಕ್ಕೆ ಬರಲಿಲ್ಲ. ಅಷ್ಟು ಹಗುರಾಗಿ ಅದು ಎಂದೂ ಓಡಿರಲಿಲ್ಲ. ಬಾಳಕೃಷ್ಣ ಹೇಳಿದ ಒಂದು ಮಾತೂ ಸುಳ್ಳಾಗಿರಲಿಲ್ಲ.

ಏರಿನ ತುದಿಯಲ್ಲಿ, ತ್ರ್ಯಂಬಕ ಮಾಸ್ತರರ ಅಂಗಡಿಯ ಮುಂದೆ, ಬೆಳಗಿನ ರೂಢಿಯಂತೆ ನಿಲ್ಲಿಸಿದ. ರೂಢಿಯಂತೆಯೇ ಹಿಂದೆ ತಿರುಗಿ ನೋಡಿದ.

“ತಾಯಿ ಎಲ್ಲೆ?” ಎಂದರು ಮಾಸ್ತರರು.

“ಹಿಂದ ಬರಾಕ್ಹತ್ತಾಳ್ರಿ.”

ಮಾಸ್ತರರು ರಸ್ತೆ ನೋಡಿದರು. ಖಾನಾಪುರದವರೆಗೆ ಅದು ಖಾಲಿ ಬಿದ್ದಿತ್ತು. ಈ ಸಲ ಅವರು ಬುದ್ಧಿ ಹೇಳಲಿಲ್ಲ.

“ಎರಡು ಚಾ ಕೊಡ್ರಿ,” ಎಂದ ದುಂಡಪ್ಪ.

ಕೊಟ್ಟರು. ಒಂದನ್ನು ಅವನು ಕುಡಿದ. ಇನ್ನೊಂದನ್ನು ಬೆಂಚಿನ ಮೇಲೆ, ತನ್ನ ಬಾಜುಕ್ಕೆ ಇಟ್ಟುಕೊಂಡು ಕುಂತ. ಬಸ್ಸೊಂದು ಬಂತು, ನಿಂತಿತು, ಯಾರೂ ಇಳಿಯಲಿಲ್ಲ, ಹೋಯಿತು. ಆ ಕಪ್ಪಿನ ಮೇಲೆ ನಿಧಾನಕ್ಕೆ ಕೆನೆ ಕಟ್ಟತೊಡಗಿತು.